ಥೆರೆಸಾ ಮೇ ತಂದ ಒಪ್ಪಂದಕ್ಕೆ ಸಂಸತ್ತು ಹೂಂ ಅನ್ನಬೇಕಿತ್ತಾ?

2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರಬೇಕು ಅಂತ ಮತ ಹಾಕಿದರು. ಬಿಡೋಣ ಅಂದವರು ನೂರಕ್ಕೆ 51.9, ಇರೋಣ ಅಂದವರು 48.1. ಹೇಗೆ ಬಿಡಬೇಕು ಅನ್ನುವುದು ಮತಪತ್ರದಲ್ಲಿ ಇರಲಿಲ್ಲ. ಅದು ಮಾತುಕತೆಯಲ್ಲಿ ತೀರ್ಮಾನ ಆಗಬೇಕಿತ್ತು. ಪ್ರಧಾನಿ ಥೆರೆಸಾ ಮೇ ಸುಮಾರು ಒಂದೂವರೆ ವರ್ಷದ ಮಾತುಕತೆ ಮುಗಿಸಿ 2018ರ ನವೆಂಬರ್‌ನಲ್ಲಿ 585 ಪುಟದ ಒಪ್ಪಂದ ತಂದರು. ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್ ಅದನ್ನು 2019ರಲ್ಲಿ ಮೂರು ಸಲ ತಿರಸ್ಕರಿಸಿತು. ಜನವರಿ 15ರಂದು ಸೋಲಿನ ಅಂತರ 230 ಮತ, ಮಾರ್ಚ್ 12ರಂದು 149, ಮಾರ್ಚ್ 29ರಂದು 58. ಥೆರೆಸಾ ಮೇ ಅಧಿಕಾರ ಬಿಟ್ಟರು. ನಂತರ ಬಂದ ಬೋರಿಸ್ ಜಾನ್ಸನ್ ಬೇರೆ ಒಪ್ಪಂದ ಮಾಡಿಕೊಂಡು 2020ರ ಜನವರಿ 31ರಂದು ದೇಶವನ್ನು ಒಕ್ಕೂಟದಿಂದ ಹೊರಗೆ ತಂದರು.

ಥೆರೆಸಾ ಮೇ ಅವರ ಒಪ್ಪಂದವನ್ನೇ ಸಂಸತ್ತು ಒಪ್ಪಿಬಿಡಬೇಕಿತ್ತಾ? ಎರಡು ಕಡೆಯ ಮಾತು ಇಲ್ಲಿದೆ.

ಪರ: ಬಂಡಿ ದಾರಿ ಮುಚ್ಚದ ಹಿಸ್ಸೆ

ಹಳ್ಳಿಯಲ್ಲಿ ಅಣ್ಣತಮ್ಮಂದಿರು ಪಾಲಾಗುವುದನ್ನು ನೋಡಿದವರಿಗೆ ಗೊತ್ತು. ಹೊಲ ಅಳೆದು ಹಂಚುವುದು ಅಂಥ ಕಷ್ಟವಲ್ಲ. ಜಗಳ ಹುಟ್ಟುವುದು ಬಾವಿಗೆ, ಬಂಡಿ ದಾರಿಗೆ. ನಮ್ಮ ತಾತನ ಕಾಲದ ಪಾಲುಪತ್ರದಲ್ಲಿ ಒಂದು ಸಾಲಿದೆ. ಬೇರೆ ದಾರಿ ಆಗುವವರೆಗೆ ಮೇಲಿನ ಹೊಲದವರು ಕೆಳಗಿನ ಹೊಲದ ಅಂಚಿನಲ್ಲಿ ಗಾಡಿ ಹೊಡೆದುಕೊಂಡು ಹೋಗಬಹುದು, ಯಾರೂ ಅಡ್ಡ ಮಾಡಬಾರದು ಅಂತ. ಬೇರೆ ದಾರಿ ಇವತ್ತಿಗೂ ಆಗಿಲ್ಲ. ಆದರೆ ಎರಡೂ ಮನೆಯವರು ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಥೆರೆಸಾ ಮೇ ಅವರ ಒಪ್ಪಂದದಲ್ಲಿದ್ದ, ಐರ್ಲೆಂಡ್ ಗಡಿ ತೆರೆದೇ ಇರಲಿ ಅಂತ ಮಾಡಿದ ‘ಬ್ಯಾಕ್‌ಸ್ಟಾಪ್’ ಏನು ಅಂತ ತಿಳಿದುಕೊಂಡಾಗ ನನಗೆ ನೆನಪಾಗಿದ್ದು ಆ ಸಾಲೇ.

ನನ್ನ ಮಾತು ನೇರವಾಗಿದೆ. ಸಂಸತ್ತು ಒಪ್ಪಬೇಕಿತ್ತು. ಮೂರನೇ ಸಲವಲ್ಲ, ಮೊದಲ ಸಲವೇ.

ಐರ್ಲೆಂಡಿನ ಗಡಿಯಿಂದ ಶುರು ಮಾಡುತ್ತೇನೆ. ಈ ಇಡೀ ಮಾತುಕತೆಯ ಗಂಟು ಇದ್ದಿದ್ದೇ ಅಲ್ಲಿ. ಐರ್ಲೆಂಡ್ ದ್ವೀಪದಲ್ಲಿ ದಕ್ಷಿಣದ ಭಾಗ ಸ್ವತಂತ್ರ ದೇಶ, ಒಕ್ಕೂಟದ ಸದಸ್ಯ. ಉತ್ತರದ ಭಾಗ ಬ್ರಿಟನ್ನಿಗೆ ಸೇರಿದ್ದು. ನಡುವಿನ ಗಡಿ ಸುಮಾರು 500 ಕಿಲೋಮೀಟರ್. ಅದನ್ನು ದಾಟುವ ರಸ್ತೆಗಳೇ 200ಕ್ಕಿಂತ ಜಾಸ್ತಿ. ಕೆಲವು ರೈತರ ಹೊಲ ಎರಡು ದೇಶದಲ್ಲಿ ಹಂಚಿಕೊಂಡಿದೆ. ಉತ್ತರದಲ್ಲಿ ಕರೆದ ಹಾಲು ದಕ್ಷಿಣದ ಡೇರಿಗೆ ಹೋಗುತ್ತದೆ. ಬೆಳಗ್ಗೆ ಈ ದೇಶದಲ್ಲಿ ಎದ್ದು ಆ ದೇಶಕ್ಕೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುವವರು ಸಾವಿರಾರು ಜನ. ಗಡಿ ದಾಟಿದ್ದು ಗೊತ್ತಾಗುವುದು ರಸ್ತೆ ಬದಿಯ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗ ಮಾತ್ರ.

ಮೊದಲು ಹಾಗಿರಲಿಲ್ಲ. ಉತ್ತರದ ಭಾಗ ಐರ್ಲೆಂಡಿಗೆ ಸೇರಬೇಕು ಅನ್ನುವವರಿಗೂ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೂ ಜಗಳ ಎದ್ದು, 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ಅಲ್ಲಿ ರಕ್ತ ಹರಿಯಿತು. 3,500ಕ್ಕೂ ಜಾಸ್ತಿ ಜನ ಸತ್ತರು. ಗಡಿಯಲ್ಲಿ ಸೈನ್ಯದ ಕಾವಲು ಗೋಪುರಗಳಿದ್ದವು. ಎಷ್ಟೋ ಸಣ್ಣ ರಸ್ತೆಗಳನ್ನು ಸೈನ್ಯದವರು ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚಿದ್ದರು, ಕೆಲವನ್ನು ಸಿಡಿಸಿ ಗುಂಡಿ ಮಾಡಿದ್ದರು. 1998ರ ಏಪ್ರಿಲ್ 10ರಂದು ಗುಡ್ ಫ್ರೈಡೇ ಒಪ್ಪಂದ ಆಯಿತು. ನಿಧಾನವಾಗಿ ಗೋಪುರಗಳು ಇಳಿದವು, ರಸ್ತೆಗಳು ತೆರೆದವು. ಗಡಿ ಕಣ್ಣಿಗೆ ಕಾಣದಂತೆ ಆಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಎರಡೂ ಕಡೆಯವರು ಒಂದೇ ಮಾರುಕಟ್ಟೆಯಲ್ಲಿ, ಒಂದೇ ಸುಂಕದ ನಿಯಮದಲ್ಲಿ ಇದ್ದರು. ಲಾರಿ ನಿಲ್ಲಿಸಿ ನೋಡುವ ಅಗತ್ಯವೇ ಇರಲಿಲ್ಲ.

ಬ್ರಿಟನ್ ಹೊರಗೆ ಬಂದರೆ ಆ ಅಗತ್ಯ ಬರುತ್ತದೆ. ತಪಾಸಣೆಗೆ ಕಟ್ಟೆ ಬೇಕು, ಕ್ಯಾಮೆರಾ ಬೇಕು, ಅದನ್ನು ಕಾಯಲು ಪೊಲೀಸರು ಬೇಕು. ಹಳೆಯ ಗಾಯ ಇನ್ನೂ ಹಸಿಯಾಗಿರುವ ಊರುಗಳಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯೋಚನೆ ಮಾಡಿದರೇ ಭಯ ಆಗುತ್ತದೆ.

ತಪಾಸಣೆ ಎಲ್ಲಾದರೂ ಆಗಲೇಬೇಕು ಅಂದರೆ ಇದ್ದ ದಾರಿಗಳು ಮೂರೇ. ದ್ವೀಪದೊಳಗಿನ ಗಡಿಯಲ್ಲಿ ಮಾಡಬೇಕು. ಇಲ್ಲವೇ ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ ನಡುವಿನ ಸಮುದ್ರದಲ್ಲಿ ಮಾಡಬೇಕು, ಅಂದರೆ ಸ್ವಂತ ದೇಶದ ಒಳಗೇ ಗೆರೆ ಎಳೆಯಬೇಕು. ಎರಡೂ ಬೇಡ ಅಂದರೆ ಇಡೀ ಬ್ರಿಟನ್ ಒಕ್ಕೂಟದ ಸುಂಕದ ವ್ಯವಸ್ಥೆಯಲ್ಲೇ ಇದ್ದುಕೊಳ್ಳಬೇಕು. ಥೆರೆಸಾ ಮೇ ಮೂರನೆಯದನ್ನು ಆರಿಸಿಕೊಂಡರು. 2020ರ ಕೊನೆಯವರೆಗೆ ಎಲ್ಲ ಹಾಗೇ ಮುಂದುವರಿಯುತ್ತದೆ. ಅಷ್ಟರಲ್ಲಿ ಒಳ್ಳೆಯ ವ್ಯಾಪಾರ ಒಪ್ಪಂದ ಆದರೆ ಸರಿ. ಆಗದಿದ್ದರೆ ಗಡಿ ಮುಚ್ಚದಂತೆ ಈ ವ್ಯವಸ್ಥೆ, ಅಂದರೆ ಬ್ಯಾಕ್‌ಸ್ಟಾಪ್, ಜಾರಿಗೆ ಬರುತ್ತದೆ. ಬೇರೆ ದಾರಿ ಆಗುವವರೆಗೆ ಬಂಡಿ ಇಲ್ಲೇ ಹೋಗಲಿ, ಅಷ್ಟೇ. ಉತ್ತರ ಐರ್ಲೆಂಡಿಗೆ ಬರುವ ಕೆಲವು ಸರಕಿಗೆ ಆಗಲೂ ಒಂದಷ್ಟು ತಪಾಸಣೆ ಇರುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ವಂತ ದೇಶದ ಒಳಗೆ ಸುಂಕದ ಗೆರೆ ಇರುತ್ತಿರಲಿಲ್ಲ.

ಇದು ಬ್ರಿಟನ್ನಿಗೆ ಹಾಕಿದ ಬಲೆ ಅಂತ ಎಷ್ಟೋ ಜನ ಕೂಗಿದರು. ಆ ಕಡೆಯಿಂದಲೂ ಸ್ವಲ್ಪ ನೋಡಬೇಕಲ್ವಾ? ಬ್ರಿಟನ್ ಒಕ್ಕೂಟಕ್ಕೆ ವರ್ಷ ವರ್ಷ ವಂತಿಗೆ ಕಟ್ಟಬೇಕಾಗಿಲ್ಲ. ಯುರೋಪಿನ ಜನ ಬಂದು ನೆಲೆಸಲು ಬಿಡಬೇಕಾಗಿಲ್ಲ. ಆದರೂ ಅದರ ಸರಕು ಸುಂಕ ಇಲ್ಲದೆ ಒಕ್ಕೂಟದ ಮಾರುಕಟ್ಟೆಗೆ ಹೋಗುತ್ತದೆ. ನಿಮಗೆ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವುದಕ್ಕೆ ಬಿಡುವುದಿಲ್ಲ ಅಂತ ಒಕ್ಕೂಟದ ಪ್ರತಿನಿಧಿ ಮಿಷೆಲ್ ಬಾರ್ನಿಯೆ ಮೊದಲ ದಿನದಿಂದ ಹೇಳುತ್ತಾ ಬಂದಿದ್ದರು. ಬ್ಯಾಕ್‌ಸ್ಟಾಪಿನಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅದೇ. ಹಾಗಾಗಿ ಒಕ್ಕೂಟಕ್ಕೂ ಅದು ಕಾಯಂ ಆಗಿ ಉಳಿಯುವುದು ಇಷ್ಟವಿರಲಿಲ್ಲ. ಎರಡೂ ಕಡೆಗೆ ಇರುಸುಮುರುಸು ಆಗುವ ವ್ಯವಸ್ಥೆಯಿಂದ ಇಬ್ಬರೂ ಬೇಗ ಹೊರಬರಲು ನೋಡುತ್ತಾರೆ.

ಒಪ್ಪಂದದಲ್ಲಿ ಗಡಿಯೊಂದೇ ಇರಲಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ್ದ 30 ಲಕ್ಷಕ್ಕೂ ಹೆಚ್ಚು ಯುರೋಪಿಯನ್ನರಿಗೆ, ಯುರೋಪಿನಲ್ಲಿದ್ದ ಹತ್ತು ಲಕ್ಷದಷ್ಟು ಬ್ರಿಟಿಷರಿಗೆ ಇದ್ದಲ್ಲೇ ಇರುವ ಹಕ್ಕನ್ನು ಅದು ಕೊಟ್ಟಿತು. ಒಕ್ಕೂಟಕ್ಕೆ ಕಟ್ಟಬೇಕಾದ ಹಳೆಯ ಬಾಕಿ ಸುಮಾರು 39 ಬಿಲಿಯನ್ ಪೌಂಡ್ ಅಂತ ಬ್ರಿಟನ್ ಸರ್ಕಾರ ಲೆಕ್ಕ ಹೇಳಿತು. ಈ ಭಾಗಗಳು ಜಾನ್ಸನ್ ತಂದ ಒಪ್ಪಂದದಲ್ಲೂ ಹೆಚ್ಚುಕಡಿಮೆ ಹಾಗೇ ಉಳಿದವು. ಬದಲಾಗಿದ್ದು ಮುಖ್ಯವಾಗಿ ಐರ್ಲೆಂಡಿನ ಭಾಗ. ಹೇಗೆ ಬದಲಾಯಿತು ಅಂತ ಕೇಳಿದರೆ ಹೊಟ್ಟೆ ಉರಿಯುತ್ತದೆ.

ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಉತ್ತರ ಐರ್ಲೆಂಡಿನ ಡಿಯುಪಿ (ಡೆಮಾಕ್ರಟಿಕ್ ಯೂನಿಯನಿಸ್ಟ್ ಪಾರ್ಟಿ) ಪಕ್ಷಕ್ಕೆ ಸಂಸತ್ತಿನಲ್ಲಿ ಹತ್ತು ಸ್ಥಾನ. 2017ರ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡಿದ್ದ ಥೆರೆಸಾ ಮೇ ಸರ್ಕಾರ ನಿಂತಿದ್ದೇ ಆ ಹತ್ತು ಜನರ ಮೇಲೆ. ಬ್ರಿಟನ್ನಿಗೂ ನಮಗೂ ನಡುವೆ ಯಾವ ಗೆರೆಯೂ ಬೇಡ ಅಂತ ಅವರು ಹಟ ಹಿಡಿದರು, ಮೂರೂ ಸಲ ವಿರೋಧವಾಗಿ ಮತ ಹಾಕಿದರು. ಜಾನ್ಸನ್ ಬಂದ ಮೇಲೆ ಆಗಿದ್ದೇನು? 2019ರ ಅಕ್ಟೋಬರ್ 17ರಂದು ಹೊಸ ಒಪ್ಪಂದ ಬಂತು. ಸುಂಕದ ಗೆರೆ ಸಮುದ್ರದ ನಡುವೆಯೇ ಬಂತು. 2021ರ ಜನವರಿಯಿಂದ ಲಾರ್ನ್ ಮತ್ತು ಬೆಲ್‌ಫಾಸ್ಟ್ ಬಂದರುಗಳಲ್ಲಿ ಬ್ರಿಟನ್ನಿನಿಂದಲೇ ಬಂದ ಸರಕಿಗೆ ತಪಾಸಣೆ ಶುರುವಾಯಿತು. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆ ತರುವಂತಿರಲಿಲ್ಲ. ಸಾಸೇಜ್ ತರಲೂ ತಗಾದೆ. 2022ರ ಫೆಬ್ರವರಿಯಲ್ಲಿ ಡಿಯುಪಿ ಸಿಟ್ಟಿನಿಂದ ಅಲ್ಲಿನ ಸರ್ಕಾರದಿಂದ ಹೊರಬಂತು. ಎರಡು ವರ್ಷ ಆ ನಾಡಿಗೆ ಪೂರ್ಣ ಸರ್ಕಾರವೇ ಇರಲಿಲ್ಲ. ಆಸ್ಪತ್ರೆಯ ಸರದಿ ಉದ್ದವಾಗುತ್ತಾ ಹೋಯಿತು, ತೀರ್ಮಾನ ಮಾಡಲು ಪೂರ್ಣ ಅಧಿಕಾರದ ಸಂಪುಟ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವುದು ಇದಕ್ಕೇ. 2023ರ ಫೆಬ್ರವರಿ 27ರಂದು ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ವಿಂಡ್ಸರ್ ಒಪ್ಪಂದ ಮಾಡಿಕೊಂಡು ತಪಾಸಣೆ ಎಷ್ಟೋ ಕಡಿಮೆ ಮಾಡಿದರು. ಆದರೂ ಗೆರೆ ಪೂರ್ತಿ ಅಳಿಸಲಿಲ್ಲ.

ಥೆರೆಸಾ ಮೇ ಒಪ್ಪಂದವನ್ನು ಮೊದಲ ಎರಡು ಸಲ ವಿರೋಧಿಸಿದ್ದ ಅವರದೇ ಪಕ್ಷದ ಬೋರಿಸ್ ಜಾನ್ಸನ್, ಜೇಕಬ್ ರೀಸ್-ಮಾಗ್ ಮೂರನೇ ಸಲ ಪರವಾಗಿ ಮತ ಹಾಕಿದರು. ಅಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿತ್ತು, ಇದಕ್ಕಿಂತ ಒಳ್ಳೆಯದು ಗಿಡದಲ್ಲಿ ಕಾಯಿ ಬಿಟ್ಟಿಲ್ಲ ಅಂತ. ಆ ಕಡೆ ವಿರೋಧ ಪಕ್ಷ ಲೇಬರ್‌ನವರು ಸುಂಕ ಒಕ್ಕೂಟ ಬೇಕು, ಅಂದರೆ ಒಳಗೆ ಸುಂಕ ಇಲ್ಲದ, ಹೊರಗಿನವರಿಗೆ ಒಂದೇ ಸುಂಕ ಇರುವ ವ್ಯವಸ್ಥೆ ಬೇಕು ಅಂತ ಕೇಳುತ್ತಿದ್ದರು. ಬ್ಯಾಕ್‌ಸ್ಟಾಪ್ ಅಂದರೆ ಹೆಚ್ಚುಕಡಿಮೆ ಅದೇ ಆಗಿತ್ತು! ಅವರಲ್ಲಿ ಐದೇ ಜನ ಮಾರ್ಚ್ 29ರಂದು ಪರವಾಗಿ ನಿಂತರು. 30 ಮತ ಈ ಕಡೆಯಿಂದ ಆ ಕಡೆಗೆ ಬಂದಿದ್ದರೆ ಒಪ್ಪಂದ ಗೆಲ್ಲುತ್ತಿತ್ತು.

ನೂರಕ್ಕೆ 52 ಜನ ಬಿಡೋಣ, 48 ಜನ ಇರೋಣ ಅಂದ ದೇಶ ಅದು. ಸ್ಕಾಟ್ಲೆಂಡಿನಲ್ಲಿ 62 ಜನ ಇರೋಣ ಅಂದಿದ್ದರು, ಉತ್ತರ ಐರ್ಲೆಂಡಿನಲ್ಲಿ 56 ಜನ. ಇಂಥ ತೀರ್ಪಿಗೆ ತಕ್ಕ ಉತ್ತರ ನಡುದಾರಿಯೇ. ಒಕ್ಕೂಟದಿಂದ ಹೊರಗೆ, ಆದರೆ ವ್ಯಾಪಾರದಲ್ಲಿ ಹತ್ತಿರ. ಥೆರೆಸಾ ಮೇ ಅವರ 585 ಪುಟ ಯಾರಿಗೂ ಪೂರ್ತಿ ಖುಷಿ ಕೊಡಲಿಲ್ಲ, ನಿಜ. ಪಾಲುಪತ್ರಕ್ಕೆ ಸಹಿ ಹಾಕಿದ ದಿನ ನಮ್ಮ ತಾತನೂ ಊಟ ಮಾಡಿರಲಿಲ್ಲವಂತೆ. ಬಂಡಿ ಮಾತ್ರ ಮರುದಿನ ಬೆಳಗ್ಗೆ ಹೊಲಕ್ಕೆ ಹೋಯಿತು.

ವಿರೋಧ: ಗಡುವು ತೋರಿಸಿ ಪಡೆಯುವ ಒಪ್ಪಿಗೆ

ಪರವಾಗಿ ಬರೆದವರು ಹೇಳಿದ ಪಾಲುಪತ್ರದ ಮಾತು ನನಗೂ ಇಷ್ಟವಾಯಿತು. ಆದರೆ ಒಂದು ಪ್ರಶ್ನೆ ಅಲ್ಲೇ ಏಳುತ್ತದೆ. ಬೇರೆ ದಾರಿ ಆಯಿತು ಅಂತ ಹೇಳುವವರು ಯಾರು? ಹಳ್ಳಿಯಲ್ಲಾದರೆ ಊರಿನವರೆಲ್ಲ ಬಂದು ನೋಡುತ್ತಾರೆ. ದಾರಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬ್ಯಾಕ್‌ಸ್ಟಾಪಿನಿಂದ ಹೊರಬರಬೇಕಾದರೆ ಒಕ್ಕೂಟವೂ ಒಪ್ಪಬೇಕಿತ್ತು. ಬ್ರಿಟನ್ ತಾನೊಂದೇ ತೀರ್ಮಾನ ಮಾಡುವಂತಿರಲಿಲ್ಲ. ವಿಚಿತ್ರ ನೋಡಿ, ಒಕ್ಕೂಟದ ಪೂರ್ಣ ಸದಸ್ಯನಾಗಿದ್ದಾಗ ಒಕ್ಕೂಟದ ಮೂಲ ಒಪ್ಪಂದದ 50ನೇ ವಿಧಿಯ ಪ್ರಕಾರ ಒಂದು ಪತ್ರ ಕೊಟ್ಟು ಎರಡು ವರ್ಷದಲ್ಲಿ ಹೊರಬರುವ ಹಕ್ಕು ಅದಕ್ಕಿತ್ತು. ಹೊರಬಂದ ಮೇಲೆ ಸಿಗುವ ವ್ಯವಸ್ಥೆಯಿಂದ ಹೊರಬರುವ ಹಕ್ಕು ಮಾತ್ರ ಇರಲಿಲ್ಲ!

ಇದು ಭಯಪಟ್ಟವರ ಕಲ್ಪನೆ ಆಗಿರಲಿಲ್ಲ. 2019ರ ಮಾರ್ಚ್ 11ರ ರಾತ್ರಿ ಥೆರೆಸಾ ಮೇ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಒಂದಷ್ಟು ಹೊಸ ಭರವಸೆ ಬರೆಸಿಕೊಂಡು ಬಂದರು. ಮರುದಿನ ಅವರದೇ ಸರ್ಕಾರದ ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ಬರೆದುಕೊಟ್ಟ ಅಭಿಪ್ರಾಯ ಸಂಸತ್ತಿನ ಮುಂದೆ ಬಂತು. ಹೊಸ ಭರವಸೆಯಿಂದ ಅಪಾಯ ಸ್ವಲ್ಪ ಕಡಿಮೆ ಆಗಿದೆ, ಆದರೆ ಮಾತುಕತೆ ಸುಮ್ನೆ ಮುಂದೆ ಸಾಗದೆ ನಿಂತರೆ ಬ್ರಿಟನ್ನಿಗೆ ತಾನಾಗಿ ಹೊರಬರಲು ಕಾನೂನಿನ ದಾರಿ ಇಲ್ಲ ಅಂತ ಅದರಲ್ಲಿತ್ತು. ಸರ್ಕಾರದ ವಕೀಲನೇ ಹೀಗೆ ಹೇಳಿದ ಮೇಲೆ ಸದಸ್ಯರು ಕಣ್ಣು ಮುಚ್ಚಿ ಕೈ ಎತ್ತಬೇಕಿತ್ತಾ?

ಬ್ಯಾಕ್‌ಸ್ಟಾಪ್ ಜಾರಿಯಾದರೆ ಬ್ರಿಟನ್ ಸರಕಿನ ಮೇಲೆ ಹಾಕುವ ಸುಂಕ ಒಕ್ಕೂಟದ ಸುಂಕವೇ ಆಗಿರುತ್ತಿತ್ತು. ಆ ಸುಂಕ ಎಷ್ಟಿರಬೇಕು ಅಂತ ತೀರ್ಮಾನಿಸುವ ಮೇಜಿನಲ್ಲಿ ಬ್ರಿಟನ್ನಿಗೆ ಕುರ್ಚಿ ಇರುತ್ತಿರಲಿಲ್ಲ. ಬೇರೆ ದೇಶಗಳ ಜೊತೆ ಸರಕಿನ ವ್ಯಾಪಾರಕ್ಕೆ ಸ್ವಂತ ಒಪ್ಪಂದ ಅಸಾಧ್ಯವಾಗುತ್ತಿತ್ತು. ನಮಗೆ ಹತ್ತಿರದ ಉದಾಹರಣೆಯೇ ಇದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತದ ಸಿದ್ಧ ಉಡುಪಿನ ಮೇಲೆ ಬ್ರಿಟನ್ನಿನಲ್ಲಿ ಇದ್ದ ಸುಂಕ ಹೋಗುತ್ತದೆ ಅನ್ನುವುದು ಅದರ ದೊಡ್ಡ ಅಂಶ. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ ಕಾರ್ಖಾನೆಗೆ ಬೆಳಗ್ಗೆ ಬುತ್ತಿ ಹಿಡಿದು ಹೋಗುವ ಹೆಣ್ಣುಮಕ್ಕಳ ಕೆಲಸಕ್ಕೂ ಇದಕ್ಕೂ ನಂಟಿದೆ. ಬ್ಯಾಕ್‌ಸ್ಟಾಪಿನೊಳಗೆ ಕೂತ ಬ್ರಿಟನ್ ಈ ಸಹಿ ಹಾಕುವಂತೆಯೇ ಇರಲಿಲ್ಲ. ಒಕ್ಕೂಟ ಬಿಟ್ಟಿದ್ದು ಒಳ್ಳೆಯದಾಯಿತು ಅಂತ ನಾನು ವಾದ ಮಾಡುತ್ತಿಲ್ಲ. ನನ್ನ ಕೇಳಿದರೆ ಬಿಡಲೇಬಾರದಿತ್ತು. ಆದರೆ ಬಿಡುವುದೇ ಆದರೆ, ಬಿಟ್ಟ ನಷ್ಟವೂ ಆಗಬೇಕು, ಬಿಟ್ಟಿದ್ದಕ್ಕೆ ಸಿಗುವ ಸ್ವಾತಂತ್ರ್ಯವೂ ಸಿಗಬಾರದು ಅನ್ನುವ ಒಪ್ಪಂದಕ್ಕೆ ಯಾಕೆ ಹೂಂ ಅನ್ನಬೇಕು?

ಇನ್ನೊಂದು ಮುಖ್ಯ ವಿಷಯವನ್ನು ಪರ ಬರಹ ಮುಟ್ಟಲೇ ಇಲ್ಲ. 585 ಪುಟ ಅಂದರೆ ಹೊರಬರುವ ಲೆಕ್ಕಾಚಾರ ಮಾತ್ರ. ಮುಂದೆ ವ್ಯಾಪಾರ ಹೇಗೆ, ಮೀನುಗಾರಿಕೆ ಹೇಗೆ, ಲಂಡನ್ನಿನ ಬ್ಯಾಂಕುಗಳು ಯುರೋಪಿನಲ್ಲಿ ಕೆಲಸ ಮಾಡಬಹುದಾ, ಇದಕ್ಕೆಲ್ಲ ಇದ್ದಿದ್ದು 26 ಪುಟದ ರಾಜಕೀಯ ಘೋಷಣೆ. ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಒಕ್ಕೂಟಕ್ಕೆ ಹತ್ತಿರ ಇರಬೇಕು ಅನ್ನುವವರು ಓದಿದರೆ ಹತ್ತಿರ ಅನ್ನಿಸುತ್ತಿತ್ತು, ದೂರ ಬೇಕು ಅನ್ನುವವರು ಓದಿದರೆ ದೂರ ಅನ್ನಿಸುತ್ತಿತ್ತು. ಮಾರ್ಚ್ 29ರಂದಂತೂ ಆ 26 ಪುಟವನ್ನೂ ಬದಿಗಿಟ್ಟು ಬರೀ 585 ಪುಟಕ್ಕೆ ಮತ ಕೇಳಿದರು. ದುಡ್ಡು ಕಟ್ಟುತ್ತೇವೆ ಅಂತ ಬರೆದುಕೊಟ್ಟಾಗಿದೆ, ಅದರ ಬದಲಿಗೆ ಏನು ಸಿಗುತ್ತದೆ ಅಂತ ಗೊತ್ತಿಲ್ಲ. ಮನೆ ನೋಡದೆ ಪೂರ್ತಿ ಮುಂಗಡ ಕೊಟ್ಟ ಹಾಗೆ.

ಹೀಗೆ ಯಾಕಾಯಿತು? ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಥೆರೆಸಾ ಮೇ ಮಾರು ಗೆಲ್ಲಲು ಹೊರಟರು, ಮನೆಯವರನ್ನು ಕೇಳಲೇ ಇಲ್ಲ. 2017ರ ಜನವರಿ 17ರಂದು ಲ್ಯಾಂಕಾಸ್ಟರ್ ಹೌಸಿನ ಭಾಷಣದಲ್ಲಿ ಸರಕು, ಸೇವೆ, ಜನ ಅಡೆತಡೆಯಿಲ್ಲದೆ ಓಡಾಡುವ ಏಕ ಮಾರುಕಟ್ಟೆಯೂ ಬೇಡ, ಈಗಿರುವ ಸುಂಕ ಒಕ್ಕೂಟವೂ ಬೇಡ ಅಂತ ಸಾರಿಬಿಟ್ಟರು. ಜನ ಮತ ಹಾಕಿದ್ದು ಒಕ್ಕೂಟ ಬಿಡಲು. ನಾರ್ವೆಯ ಹಾಗೆ ಏಕ ಮಾರುಕಟ್ಟೆಯಲ್ಲಿದ್ದೂ ಒಕ್ಕೂಟದ ಹೊರಗಿರಬಹುದು. ಅಂಥ ದೊಡ್ಡ ಆಯ್ಕೆಯನ್ನು ಸಂಸತ್ತಿನ ಮುಂದೆ ಇಡಲಿಲ್ಲ. ಹೊರಬರುವ ಪತ್ರ ಕೊಡಲು ಸಂಸತ್ತಿನ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅದೇ ತಿಂಗಳ 24ರಂದು, 8-3ರ ತೀರ್ಪಿನಲ್ಲಿ.

2017ರ ಮಾರ್ಚ್ 29ರಂದು ಪತ್ರ ಒಕ್ಕೂಟದ ಕೇಂದ್ರ ಕಚೇರಿಯಿರುವ ಬ್ರಸೆಲ್ಸ್‌ಗೆ ಹೋಯಿತು. ಆವತ್ತಿನಿಂದ ಎರಡು ವರ್ಷದ ಗಡಿಯಾರ ಓಡಲು ಶುರು. ಕೈಯಲ್ಲಿ ಎಲ್ಲರೂ ಒಪ್ಪಿದ ಯೋಜನೆ ಇಲ್ಲ. ಗಡಿಯಾರ ಓಡುತ್ತಿರುವಾಗಲೇ ಚುನಾವಣೆಗೆ ಹೋದರು, ಬಹುಮತ ಕಳೆದುಕೊಂಡರು. ಜೂನ್ 19ರಂದು ಮಾತುಕತೆ ಶುರುವಾದಾಗ ಮೊದಲ ದಿನವೇ ಒಂದು ದೊಡ್ಡ ಸೋಲು. ದುಡ್ಡು, ಜನರ ಹಕ್ಕು, ಐರ್ಲೆಂಡ್ ಗಡಿ ಮೊದಲು ಮುಗಿಯಲಿ, ವ್ಯಾಪಾರದ ಮಾತು ಆಮೇಲೆ ಅಂತ ಬಾರ್ನಿಯೆ ಹೇಳಿದರು. ಈ ಸರದಿಯ ವಿಷಯಕ್ಕೆ ಬೇಸಿಗೆಯಿಡೀ ಜಗಳ ಆಗುತ್ತದೆ ಅಂತ ಹೇಳಿದ್ದ ಬ್ರಿಟನ್ ಮಂತ್ರಿ ಡೇವಿಡ್ ಡೇವಿಸ್ ಒಪ್ಪಿಕೊಂಡು ಬಂದರು. ಸಂತೆಗೆ ಎಮ್ಮೆ ಮಾರಲು ಹೋದವನು ಬೆಲೆ ಮಾತಾಡುವ ಮೊದಲೇ ಹಗ್ಗ ಕೊಟ್ಟುಬಿಟ್ಟ ಹಾಗಾಯಿತು.

ಸಂಪುಟಕ್ಕೆ ಯೋಜನೆ ತೋರಿಸಿದ್ದು 2018ರ ಜುಲೈ 6ರಂದು, ಪ್ರಧಾನಿಯ ಹಳ್ಳಿಮನೆಯಾದ ಚೆಕರ್ಸ್‌ನಲ್ಲಿ. ಪತ್ರ ಕೊಟ್ಟು ಹದಿನೈದು ತಿಂಗಳಾದ ಮೇಲೆ! ಎರಡು ದಿನಕ್ಕೆ ಡೇವಿಸ್ ರಾಜೀನಾಮೆ, ಮರುದಿನ ಆಗ ವಿದೇಶಾಂಗ ಮಂತ್ರಿಯಾಗಿದ್ದ ಜಾನ್ಸನ್. ನವೆಂಬರ್‌ನಲ್ಲಿ ಒಪ್ಪಂದ ಬಂದ ಮರುದಿನ ಡೇವಿಸ್ ಜಾಗಕ್ಕೆ ಬಂದಿದ್ದ ಡೊಮಿನಿಕ್ ರಾಬ್ ರಾಜೀನಾಮೆ ಕೊಟ್ಟರು. ಮಾತುಕತೆಯ ಹೊಣೆ ಹೊತ್ತ ಮಂತ್ರಿಯೇ ನನಗಿದು ಒಪ್ಪಿಗೆಯಿಲ್ಲ ಅಂದ ಕಾಗದ ಅದು. ಕಾನೂನು ಸಲಹೆಯನ್ನು ಪೂರ್ತಿ ತೋರಿಸಿ ಅಂದರೂ ಸರ್ಕಾರ ತೋರಿಸಲಿಲ್ಲ. ಡಿಸೆಂಬರ್ 4ರಂದು ಸಂಸತ್ತು 311-293 ಮತಗಳಿಂದ, ಸರ್ಕಾರ ಸದನದ ನಿಂದನೆ ಮಾಡಿದೆ ಅಂತ ನಿರ್ಣಯ ಮಾಡಿತು. ಆಮೇಲೇ ಕಾಗದ ಹೊರಗೆ ಬಂದಿದ್ದು. ಡಿಸೆಂಬರ್ 11ಕ್ಕೆ ಇದ್ದ ಮತದಾನವನ್ನು ಸೋಲುತ್ತೇವೆ ಅಂತ ಗೊತ್ತಾಗಿ ಜನವರಿಗೆ ತಳ್ಳಿದರು. ಗಡುವು ಹತ್ತಿರ ಬರಲಿ, ಬೇರೆ ದಾರಿ ಇಲ್ಲ ಅಂತ ಆಗಲಿ, ಆಗ ಒಪ್ಪುತ್ತಾರೆ ಅನ್ನುವ ಲೆಕ್ಕ. ನನಗೆ ತುಂಬಾ ನೋವು ಕೊಡುವುದು ಇದೇ. ಹೆದರಿಸಿ ಪಡೆದ ಸಹಿ ಎಷ್ಟು ದಿನ ಬಾಳುತ್ತದೆ?

ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅವರನ್ನು ಬನ್ನಿ, ಕೂತು ಮಾತಾಡಿ ದಾರಿ ಹುಡುಕೋಣ ಅಂತ ಕರೆದಿದ್ದು 2019ರ ಏಪ್ರಿಲ್ 2ರಂದು. ಮೂರು ಸಲ ಸೋತ ಮೇಲೆ. ಅದರ ಹಿಂದಿನ ದಿನ ಸಂಸತ್ತು ತಾನೇ ಬೇರೆ ಬೇರೆ ದಾರಿಗಳಿಗೆ ಮತ ಹಾಕಿ ನೋಡಿತ್ತು. ಸುಂಕ ಒಕ್ಕೂಟದಲ್ಲಿ ಉಳಿಯೋಣ ಅನ್ನುವ ಸೂಚನೆ ಬರೀ ಮೂರು ಮತದಿಂದ ಸೋತಿತು, 273-276. ಯಾವ ಒಪ್ಪಂದವಾದರೂ ಜನರನ್ನು ಇನ್ನೊಂದು ಸಲ ಕೇಳಿ ಜಾರಿ ಮಾಡೋಣ ಅನ್ನುವುದು ಹನ್ನೆರಡು ಮತದಿಂದ ಸೋತಿತು, 280-292. ಥೆರೆಸಾ ಮೇ ಸಂಪುಟದ ಮಂತ್ರಿಗಳು ಆವತ್ತು ಯಾವುದಕ್ಕೂ ಮತ ಹಾಕದೆ ದೂರ ಉಳಿದರು. ಎರಡು ವರ್ಷ ಮೊದಲೇ ಎಲ್ಲ ಪಕ್ಷದವರನ್ನು ಕೂರಿಸಿ ಹೀಗೆ ಕೇಳಿದ್ದರೆ, ಪರ ಬರಹದವರು ಬಯಸುವ ನಡುದಾರಿ ಸಂಸತ್ತಿನ ಒಳಗಿಂದಲೇ ಹುಟ್ಟುತ್ತಿತ್ತು. ಆಗ ಬ್ರಸೆಲ್ಸ್‌ಗೆ ಹೋಗುವ ಪ್ರತಿನಿಧಿಯ ಮಾತಿಗೆ ಬೆಲೆಯೂ ಇರುತ್ತಿತ್ತು. ಬಾರ್ನಿಯೆ ಅವರ ಬಲ ಎಲ್ಲಿತ್ತು ಅಂದುಕೊಂಡಿರಿ? ಅವರ ಹಿಂದೆ 27 ದೇಶ ಒಂದೇ ಮಾತಿಗೆ ಕಟ್ಟುಬಿದ್ದು ನಿಂತಿದ್ದವು. ಎದುರು ಕೂತವರ ಹಿಂದೆ ಸ್ವಂತ ಸಂಪುಟವೇ ಇರಲಿಲ್ಲ.

ನಂತರ ಬಂದಿದ್ದು ಕೆಟ್ಟದಾಗಿತ್ತು ಅನ್ನುವ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲಾರ್ನ್ ಬಂದರಿನ ಕಥೆ ನಿಜ. ಎರಡು ವರ್ಷ ಬಾಗಿಲು ಮುಚ್ಚಿದ ಸರ್ಕಾರದ ಕಥೆಯೂ ನಿಜ. ಆದರೆ ಥೆರೆಸಾ ಮೇ ಒಪ್ಪಂದ ಗೆದ್ದಿದ್ದರೆ ಜಗಳ ನಿಲ್ಲುತ್ತಿತ್ತು ಅಂತ ಯಾಕೆ ಅಂದುಕೊಳ್ಳಬೇಕು? ಅವರ ಸರ್ಕಾರ ನಿಂತಿದ್ದೇ ಡಿಯುಪಿಯ ಬೆಂಬಲದಲ್ಲಿ. ಡಿಯುಪಿಗೆ ಬ್ಯಾಕ್‌ಸ್ಟಾಪ್ ಕಂಡರೆ ಆಗದು. ಸ್ವಂತ ಪಕ್ಷದ 118 ಸದಸ್ಯರು ಮೊದಲ ಸಲ ವಿರುದ್ಧ ನಿಂತಿದ್ದರು. ಅದರ ಮೊದಲೇ ಡಿಸೆಂಬರ್‌ನಲ್ಲಿ 117 ಜನ ಅವರ ನಾಯಕತ್ವವೇ ಬೇಡ ಅಂತ ಮತ ಹಾಕಿದ್ದರು. ಮುಂದಿನ ವ್ಯಾಪಾರ ಒಪ್ಪಂದದ ಮಾತುಕತೆಯನ್ನು ಇದೇ ಸರ್ಕಾರ, ಇದೇ ಪಕ್ಷ ನಡೆಸಬೇಕಿತ್ತು.

ಕೊನೆಯದಾಗಿ ಐರ್ಲೆಂಡಿನ ಜನರ ವಿಷಯ. ಪರ ಬರಹದಲ್ಲಿ ಅವರ ಮೇಲಿನ ಕಾಳಜಿ ಮನಸ್ಸಿಗೆ ತಟ್ಟಿತು. ಆದರೆ ಥೆರೆಸಾ ಮೇ ಅವರ 585 ಪುಟದಲ್ಲಿ ಒಂದು ಮಾತು ಇರಲಿಲ್ಲ. ಈ ವ್ಯವಸ್ಥೆ ನಿಮಗೆ ಬೇಕಾ, ಮುಂದುವರಿಸೋಣವಾ ಅಂತ ಉತ್ತರ ಐರ್ಲೆಂಡಿನವರನ್ನು ಕೇಳುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಲಂಡನ್ ಮತ್ತು ಬ್ರಸೆಲ್ಸ್ ಸೇರಿ ತೀರ್ಮಾನಿಸುತ್ತವೆ, ಅಲ್ಲಿನವರು ಬದುಕುತ್ತಾರೆ. ಆ ಕೇಳುವ ಹಕ್ಕು ಬಂದಿದ್ದು 2019ರ ಅಕ್ಟೋಬರ್‌ನ ಒಪ್ಪಂದದಲ್ಲಿ, ಹಳೆಯದು ಸೋತಿದ್ದರಿಂದ. 2024ರ ಡಿಸೆಂಬರ್ 10ರಂದು ಬೆಲ್‌ಫಾಸ್ಟ್‌ನ ಸ್ಟೋರ್ಮಾಂಟ್ ಶಾಸನಸಭೆಯಲ್ಲಿ ಮೊದಲ ಸಲ ಆ ಮತದಾನ ನಡೆಯಿತು. ಮುಂದುವರಿಸೋಣ ಅಂದವರು 48, ಬೇಡ ಅಂದವರು 36. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಪಕ್ಷಗಳವರು ಒಬ್ಬರೂ ಪರವಾಗಿ ಮತ ಹಾಕಲಿಲ್ಲ. ಎರಡೂ ಕಡೆಯ ಪಕ್ಷಗಳ ಬೆಂಬಲ ಸಿಕ್ಕಿದ್ದರೆ ಮುಂದಿನ ಮತದಾನ ಎಂಟು ವರ್ಷಕ್ಕೆ ಆಗುತ್ತಿತ್ತು, ಸಿಗದ್ದರಿಂದ ನಾಲ್ಕೇ ವರ್ಷಕ್ಕೆ, 2028ರಲ್ಲಿ, ಅಲ್ಲಿನವರನ್ನು ಮತ್ತೆ ಕೇಳಲಾಗುತ್ತದೆ.